ಊರಿನ ನಾಟಕದ ಹಣ ಊರಿನಲ್ಲೇ ನಿಲ್ಲುವುದು ಹೇಗೆ: ತುಮಕೂರು ಸೀಮೆಯ ಕಲಾ ಮಂಡಳಿಗಳಿಗೊಂದು ಮಾರ್ಗದರ್ಶಿ

ರಾಗಿ ಒಕ್ಕಣೆ ಮುಗಿದು ಕಣಗಳು ಖಾಲಿಯಾದ ಮೇಲೆ ಗುಬ್ಬಿ, ತುರುವೇಕೆರೆ, ತಿಪಟೂರು, ಕುಣಿಗಲ್ ಕಡೆಯ ಯಾವ ಬಸ್ ನಿಲ್ದಾಣದಲ್ಲಿ ನಿಂತರೂ ನಾಟಕದ ಕರಪತ್ರವೊಂದು ಕಣ್ಣಿಗೆ ಬೀಳುತ್ತದೆ. ತಲೆಯಲ್ಲಿ ಊರ ದೇವರ ಹೆಸರಿನ ‘ಕೃಪಾಪೋಷಿತ ನಾಟಕ ಮಂಡಳಿ’, ನಡುವೆ ದಪ್ಪಕ್ಷರದಲ್ಲಿ ಕುರುಕ್ಷೇತ್ರ ಎಂಬ ಹೆಸರು, ಸುತ್ತ ಪಾತ್ರಧಾರಿಗಳ ಸಣ್ಣ ಸಣ್ಣ ಭಾವಚಿತ್ರಗಳು, ಕೆಳಗೆ ಹಾರ್ಮೋನಿಯಂ ಮೇಷ್ಟ್ರು ಮತ್ತು ರಂಗದ ಪರದೆಗಳನ್ನು ಬಾಡಿಗೆಗೆ ತರುವ ಸೀನರಿಯವರ ಹೆಸರು, ಕೊನೆಯಲ್ಲಿ ‘ಪ್ರವೇಶ ಉಚಿತ’. ಈ ‘ಉಚಿತ’ ಎಂಬ ಮಾತಿನಿಂದಾಗಿಯೇ ನಮ್ಮಲ್ಲಿ ಬಹಳ ಜನ ಊರಿನ ಕಲೆಗೂ ಊರಿನ ಹಣಕಾಸಿಗೂ ಸಂಬಂಧವಿಲ್ಲವೆಂದು ತಿಳಿದಿದ್ದಾರೆ. ನಾಟಕ ನೋಡುವವರು ದುಡ್ಡು ಕೊಡುವುದಿಲ್ಲ, ನಿಜ. ಆದರೆ ಆಡುವವರು ಕೊಡುತ್ತಾರೆ. ಕೃಷ್ಣನ ಪಾತ್ರಕ್ಕೆ ಇಷ್ಟು, ದುರ್ಯೋಧನನಿಗೆ ಇಷ್ಟು, ಸಣ್ಣ ಪಾತ್ರಗಳಿಗೆ ಇಷ್ಟು ಎಂದು ಗೊತ್ತುಮಾಡಿ, ರಾಗಿ ಮಾರಿದ ಹಣದಿಂದಲೋ ಕೊಬ್ಬರಿ ಮಾರಿದ ಹಣದಿಂದಲೋ ತಂದು ಮಂಡಳಿಯ ಕೈಗೆ ಹಾಕುತ್ತಾರೆ. ಆ ಹಣವೆಲ್ಲ ಒಂದು ರಾತ್ರಿಯಲ್ಲಿ ಖರ್ಚಾಗಿ, ಬೆಳಗಿನ ಜಾವ ಸೀನರಿಯ ಲಾರಿ ಹತ್ತಿಕೊಂಡು ಊರು ಬಿಟ್ಟು ಹೋಗುತ್ತದೆ.

ಕಲೆಯಿಂದ ಊರು ಬೆಳೆಯಬೇಕು ಎಂದಾಗ ಹೆಚ್ಚಿನವರು ಮೊದಲು ಅನುದಾನವನ್ನು, ಆಮೇಲೆ ಪ್ರವಾಸಿಗರನ್ನು ನೆನೆಯುತ್ತಾರೆ. ನನ್ನ ಅನುಭವದಲ್ಲಿ ಇವೆರಡೂ ಆಮೇಲಿನ ಮಾತು. ಊರಿನ ಕಲೆಯ ಸುತ್ತ ಈಗಾಗಲೇ ಓಡಾಡುತ್ತಿರುವ ಹಣವನ್ನು ಎಣಿಸಿ, ಅದು ಎಲ್ಲಿ ಸೋರುತ್ತಿದೆ ಎಂದು ನೋಡಿ, ಸೋರುವ ಒಂದೊಂದೇ ಜಾಗವನ್ನು ಮುಚ್ಚುವುದು ಮೊದಲ ಕೆಲಸ. ಕಲೆಯನ್ನು ಉದ್ಯಮವಾಗಿ ನಡೆಸುವುದು ಈ ಸೀಮೆಗೆ ಹೊಸದೇನೂ ಅಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯು ಗುಬ್ಬಿ ವೀರಣ್ಣನವರ ಕಾಲಕ್ಕೆ ನಟರಿಗೆ, ಸಂಗೀತಗಾರರಿಗೆ, ಪರದೆ ಬರೆಯುವವರಿಗೆ, ಬಡಗಿಗಳಿಗೆ, ದರ್ಜಿಗಳಿಗೆ, ಅಡುಗೆಯವರಿಗೆ ವರ್ಷವಿಡೀ ಅನ್ನ ಕೊಡುವ ಸಂಸ್ಥೆಯಾಗಿ ಬೆಳೆದಿತ್ತು. ಆ ಗಾತ್ರದ ಕಂಪನಿಯನ್ನು ಇಂದು ಯಾವ ಹಳ್ಳಿಯೂ ಕಟ್ಟಬೇಕಾಗಿಲ್ಲ. ಆದರೆ ಒಂದು ನಾಟಕದ ಸುತ್ತ ಎಷ್ಟು ಕಸುಬುಗಳು ಬದುಕಬಲ್ಲವು ಎಂಬ ತಿಳಿವಳಿಕೆಯನ್ನು ಅದರಿಂದ ಪಡೆಯಬೇಕು.

ಮೊದಲ ಹೆಜ್ಜೆ: ಒಂದು ರಾತ್ರಿಯ ಲೆಕ್ಕ ಬರೆಯಿರಿ

ಕಳೆದ ಬಾರಿ ಊರಿನಲ್ಲಿ ಆದ ನಾಟಕವನ್ನೋ ಜಾತ್ರೆಯನ್ನೋ ತೆಗೆದುಕೊಳ್ಳಿ. ಅದರಲ್ಲಿ ಓಡಾಡಿದ ನಾಲ್ಕೈದು ಜನರನ್ನು ಒಂದು ಸಂಜೆ ದೇವಸ್ಥಾನದ ಜಗುಲಿಯ ಮೇಲೆ ಕೂರಿಸಿಕೊಂಡು, ಇನ್ನೂರು ಪುಟದ ನೋಟ್ ಪುಸ್ತಕವೊಂದನ್ನು ತೆರೆಯಿರಿ. ಮೊದಲು ಎಡಪುಟದಲ್ಲಿ ಬಂದದ್ದನ್ನು ಬರೆಯಿರಿ: ಪಾತ್ರದ ಹಣ, ಊರಿನ ವಂತಿಗೆ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ಹುಡುಗರು ಕಳುಹಿಸಿದ್ದು, ರಂಗದ ಮೇಲೆ ಬಂಧುಗಳು ಪಾತ್ರಧಾರಿಗೆ ಹಾರ ಹಾಕಿ ಕೈಗಿಟ್ಟದ್ದು. ಈ ಕೊನೆಯ ಬಾಬ್ತನ್ನು ಯಾರೂ ಬರೆಯುವುದಿಲ್ಲ, ಆದ್ದರಿಂದ ಅದನ್ನು ಕೆದಕಿ ಕೇಳಬೇಕು. ಬಲಪುಟದಲ್ಲಿ ಖರ್ಚು: ಸೀನರಿ ಬಾಡಿಗೆ, ವಸ್ತ್ರಾಲಂಕಾರ, ಮೇಕಪ್, ಮೈಕು ಮತ್ತು ದೀಪ, ಜನರೇಟರು, ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಕೊಟ್ಟದ್ದಕ್ಕೆ ಸಂಭಾವನೆ, ತಬಲದವರು, ಸ್ತ್ರೀ ಪಾತ್ರಕ್ಕೆ ಬಂದ ಕಲಾವಿದೆಯರು, ಕರಪತ್ರದ ಮುದ್ರಣ, ಹಾರ, ಶಾಲು, ಪೇಟ, ತಾಲೀಮಿನ ದಿನಗಳ ಕಾಫಿ-ತಿಂಡಿ, ನಾಟಕದ ರಾತ್ರಿಯ ಊಟ.

ಇಷ್ಟಾದ ಮೇಲೆ ಪ್ರತಿ ಖರ್ಚಿನ ಮುಂದೆ ಒಂದು ಗುರುತು ಹಾಕಿ. ಹಣ ಊರಿನವರ ಕೈಗೇ ಹೋಗಿದ್ದರೆ ‘ಊ’, ತಾಲ್ಲೂಕಿನೊಳಗೆ ಹೋಗಿದ್ದರೆ ‘ತಾ’, ಅದಕ್ಕೂ ಆಚೆ ಹೋಗಿದ್ದರೆ ‘ಹೊ’. ಉದಾಹರಣೆಗೆ, ಒಟ್ಟು ಖರ್ಚು 3,00,000 ರೂಪಾಯಿ ಎಂದಿಟ್ಟುಕೊಳ್ಳೋಣ; ಅದರಲ್ಲಿ ‘ಊ’ ಗುರುತಿನದು 30,000 ರೂಪಾಯಿ ಮಾತ್ರವಾಗಿದ್ದರೆ, ನೂರಕ್ಕೆ ಹತ್ತು ರೂಪಾಯಿಯಷ್ಟೇ ಊರಿನಲ್ಲಿ ನಿಂತಿತು ಎಂದಾಯಿತು. ಅದನ್ನು ಮೂರು ವರ್ಷದಲ್ಲಿ ನೂರಕ್ಕೆ ಮೂವತ್ತಕ್ಕೆ ತರುವುದು ನಿಮ್ಮ ಮೊದಲ ಗುರಿಯಾಗಲಿ. ಒಂದು ರೂಪಾಯಿ ಸಹ ಹೊಸದಾಗಿ ವಂತಿಗೆ ಎತ್ತದೆ ಇದನ್ನು ಮಾಡಲು ಸಾಧ್ಯವಿದೆ.

ಹೂವಿನ ಬಾಬ್ತನ್ನು ಹತ್ತಿರದಿಂದ ನೋಡಿದರೆ ಇದರ ಮರ್ಮ ತಿಳಿಯುತ್ತದೆ. ನಮ್ಮ ಒಂದು ನಾಟಕಕ್ಕೆ ಹಾರಗಳನ್ನೆಲ್ಲ ತುಮಕೂರಿನ ಮಾರುಕಟ್ಟೆಯಿಂದ ತರಿಸಿದ್ದೆವು. ಲೆಕ್ಕ ಬರೆಯುವಾಗ ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬರು, ಆ ಹಾರದಲ್ಲಿದ್ದ ಸೇವಂತಿಗೆ ತಮ್ಮ ಹೊಲದಿಂದಲೇ ಮೊದಲ ಬಸ್ಸಿಗೆ ಹೋದದ್ದೆಂದೂ, ತಮಗೆ ಸಿಕ್ಕಿದ್ದು ಬಿಡಿ ಹೂವಿನ ಬೆಲೆ ಮಾತ್ರವೆಂದೂ ಹೇಳಿದರು. ಹೂವು ಊರಿನದು, ದುಡ್ಡು ಊರಿನದು, ಕಟ್ಟುವ ಕೂಲಿ ಮಾತ್ರ ಹೊರಗಿನದಾಗಿತ್ತು. ಮರುವರ್ಷದಿಂದ ಸ್ವಸಹಾಯ ಸಂಘದ ಹೆಂಗಸರು ಹಿಂದಿನ ರಾತ್ರಿಯೇ ಕೂತು ಹಾರ ಕಟ್ಟುತ್ತಿದ್ದಾರೆ. ಬದಲಾದದ್ದು ಇಷ್ಟೇ, ಆದರೆ ‘ಹೊ’ ಎಂದಿದ್ದ ಒಂದು ಸಾಲು ಪೂರ್ತಿ ‘ಊ’ ಆಯಿತು.

ಎರಡನೆಯ ಹೆಜ್ಜೆ: ಯಾರಿಗೆ ಏನು ಬರುತ್ತದೆ ಎಂದು ಕೇಳಿ ಬರೆದುಕೊಳ್ಳಿ

ಲೆಕ್ಕ ಸಿಕ್ಕ ಮೇಲೆ ಮನೆ ಮನೆಗೆ ಹೋಗಿ ವಿದ್ಯೆಗಳ ಪಟ್ಟಿ ಮಾಡಬೇಕು. ಈ ಜಿಲ್ಲೆಯಲ್ಲಿ ಪೌರಾಣಿಕ ನಾಟಕದ ಜೊತೆಗೆ ಮೂಡಲಪಾಯ ಯಕ್ಷಗಾನವಿದೆ, ಸೋಮನ ಕುಣಿತವಿದೆ, ವೀರಗಾಸೆ, ನಂದಿಧ್ವಜ, ಕೋಲಾಟ, ತತ್ವಪದ, ಭಜನೆಗಳಿವೆ. ಶಿರಾ ಕಡೆಯ ಕಾಡುಗೊಲ್ಲರಲ್ಲಿ ಗಣೆ ಎಂಬ ಬಿದಿರಿನ ಕೊಳಲು ಊದಿ, ತಮ್ಮ ದೈವ ಜುಂಜಪ್ಪನ ಕಾವ್ಯ ಹಾಡುವವರಿದ್ದಾರೆ. ಪಾವಗಡದ ಕಡೆ ಉರುಮೆ ಎಂಬ ಚರ್ಮವಾದ್ಯವಿದೆ. ವೈ.ಎನ್. ಹೊಸಕೋಟೆಯಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ಊರಿನ ಪಟ್ಟಿಯಲ್ಲಿ ಹಾಡುವವರ ಜೊತೆಗೆ ಬಡಗಿ, ದರ್ಜಿ, ಬುಟ್ಟಿ ಹೆಣೆಯುವವರು, ಕುಂಬಾರರು, ವೆಲ್ಡಿಂಗ್ ಗೊತ್ತಿರುವ ಹುಡುಗ, ನೂರಾಳಿಗೆ ಅಡುಗೆ ಮಾಡಬಲ್ಲವರು, ಮೊಬೈಲಿನಲ್ಲಿ ಚೆನ್ನಾಗಿ ವಿಡಿಯೊ ತೆಗೆಯುವವರು ಎಲ್ಲರೂ ಇರಲಿ.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ತಮಟೆಯವರಿಲ್ಲದೆ ನಮ್ಮ ಯಾವ ಉತ್ಸವವೂ ಹೊರಡುವುದಿಲ್ಲ. ಆದರೆ ಸಭೆಗೆ ಅವರನ್ನು ಕೊನೆಯಲ್ಲಿ ಕರೆಯುವುದು, ಊಟಕ್ಕೆ ಕೊನೆಯಲ್ಲಿ ಕೂರಿಸುವುದು, ಸಂಭಾವನೆಯನ್ನು ‘ಕೈಲಾದಷ್ಟು’ ಎಂದು ಕೊಡುವುದು ಇನ್ನೂ ಅನೇಕ ಊರುಗಳಲ್ಲಿ ನಡೆದಿದೆ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು. ದೇಶ ಗೌರವಿಸಿದ ವಿದ್ಯೆಯನ್ನು ಊರು ಕೂಲಿಯ ಲೆಕ್ಕದಲ್ಲಿ ಇಡಬಾರದು. ಹಾರ್ಮೋನಿಯಂ ಮೇಷ್ಟ್ರ ಸಂಭಾವನೆಯನ್ನು ಮುಂಗಡವಾಗಿ ಮಾತಾಡುವಂತೆ ತಮಟೆಯವರದನ್ನೂ ಮುಂಗಡವಾಗಿ ಮಾತಾಡಿ, ಬರೆದು, ಕೊಡಿ; ಮಂಡಳಿಯಲ್ಲಿ ಅವರಿಗೆ ಸ್ಥಾನವಿರಲಿ. ಊರಿನ ಒಂದು ಕೇರಿಗೆ ಮಾತ್ರ ವರಮಾನ ತರುವ ಕೆಲಸವನ್ನು ಊರಿನ ಅಭಿವೃದ್ಧಿ ಎಂದು ಕರೆಯಲು ಬರುವುದಿಲ್ಲ.

ಮೂರನೆಯ ಹೆಜ್ಜೆ: ಏನನ್ನು ಊರಿನಲ್ಲೇ ಮಾಡುವುದು, ಏನನ್ನು ಹಂಚಿಕೊಳ್ಳುವುದು

ಎರಡೂ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಸುಲಭವಾದವು ತಾವಾಗಿಯೇ ಎದ್ದು ಕಾಣುತ್ತವೆ: ಊಟ, ಹಾರ, ಚಪ್ಪರ, ತಾಲೀಮಿನ ದಿನಗಳ ತಿಂಡಿ. ಇವು ಮೊದಲ ವರ್ಷದ ಕೆಲಸ. ಎರಡನೆಯ ವರ್ಷಕ್ಕೆ ಉಡುಪು ಮತ್ತು ಒಡವೆ. ಕಿರೀಟ, ಭುಜಕೀರ್ತಿ, ಎದೆಹಾರ, ಗದೆ ಇವನ್ನು ಹಗುರವಾದ ಮರ, ಬೇಗಡೆ, ಕನ್ನಡಿ ಚೂರು, ಮಣಿಗಳಿಂದ ಮಾಡುವ ಕೌಶಲ ಕಲಿಯಲು ಸಮಯ ಬೇಕು, ಒಬ್ಬ ಹಿರಿಯ ಕಸುಬುದಾರರ ಹತ್ತಿರ ಇಬ್ಬರು ಮೂವರು ಹುಡುಗ ಹುಡುಗಿಯರನ್ನು ಕೂರಿಸಬೇಕು. ಆದರೆ ಒಮ್ಮೆ ಕಲಿತರೆ ಅಕ್ಕಪಕ್ಕದ ಊರುಗಳ ನಾಟಕಗಳಿಗೆ, ಶಾಲೆಗಳ ವಾರ್ಷಿಕೋತ್ಸವಗಳಿಗೆ, ಗಣೇಶೋತ್ಸವದ ಅಲಂಕಾರಕ್ಕೆ ಬಾಡಿಗೆಗೆ ಕೊಡುವ ಮಟ್ಟಿಗೆ ಅದು ಬೆಳೆಯುತ್ತದೆ.

ಸೀನರಿಯ ವಿಷಯದಲ್ಲಿ ಮಾತ್ರ ಆತುರ ಬೇಡ. ನಮ್ಮ ಮಂಡಳಿ ಉತ್ಸಾಹದಿಂದ ಅರಮನೆ, ಕಾಡು, ಬೀದಿಯ ಪರದೆಗಳನ್ನು ಸ್ವಂತಕ್ಕೆ ಬರೆಸಿಕೊಂಡಿತು. ವರ್ಷಕ್ಕೆ ಎರಡು ರಾತ್ರಿ ಬಿಚ್ಚಿದೆವು, ಉಳಿದ ದಿನಗಳೆಲ್ಲ ಒಂದು ಮನೆಯ ಅಟ್ಟದ ಮೇಲೆ ಸುತ್ತಿಟ್ಟೆವು. ಮೂರನೆಯ ವರ್ಷ ಬಿಚ್ಚಿದಾಗ ಅರಮನೆಯ ಕಂಬಗಳ ಮಧ್ಯೆ ಇಲಿ ಕಡಿದ ಕಿಂಡಿಗಳಿದ್ದವು, ಕಾಡಿನ ಪರದೆಗೆ ಬೂಷ್ಟು ಹಿಡಿದಿತ್ತು. ಅಂದು ಕಲಿತ ಪಾಠವಿದು: ಯಾವ ವಸ್ತುವನ್ನು ಕೊಳ್ಳುವ ಮೊದಲೂ ಅದು ವರ್ಷಕ್ಕೆ ಎಷ್ಟು ರಾತ್ರಿ ದುಡಿಯುತ್ತದೆ ಎಂದು ಕೇಳಿಕೊಳ್ಳಬೇಕು. ಅದರ ಬೆಲೆಯನ್ನು ಬಾಳಿಕೆ ಬರುವ ಒಟ್ಟು ರಾತ್ರಿಗಳಿಂದ ಭಾಗಿಸಿ, ಕಾಪಾಡುವ ಖರ್ಚನ್ನು ಸೇರಿಸಿದಾಗ ಬರುವ ಮೊತ್ತ ಬಾಡಿಗೆಗಿಂತ ಕಡಿಮೆಯಿದ್ದರೆ ಮಾತ್ರ ಕೊಳ್ಳಬೇಕು. ಒಂದೇ ಹೋಬಳಿಯ ಐದಾರು ಊರುಗಳು ಸೇರಿ ಒಂದು ಸೆಟ್ಟನ್ನು ಇಟ್ಟುಕೊಂಡು, ನಾಟಕದ ದಿನಾಂಕಗಳನ್ನು ಡಿಸೆಂಬರಿನಲ್ಲೇ ಕೂತು ಹಂಚಿಕೊಂಡರೆ ಈ ಲೆಕ್ಕ ಹೊಂದುತ್ತದೆ. ಒಂಟಿ ಊರಿಗೆ ಹೊಂದುವುದು ಕಷ್ಟ.

ನಾಲ್ಕನೆಯ ಹೆಜ್ಜೆ: ಮಂಡಳಿಗೆ ಕಾಗದದ ಬಲ

ದೇವರ ಕೃಪೆಯ ಮೇಲೆ ನಡೆಯುವ ಮಂಡಳಿಗೆ ಬ್ಯಾಂಕಿನವರು ಸುಲಭವಾಗಿ ಖಾತೆ ಕೊಡುವುದಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ಏಳು ಜನ ಸೇರಿ ಸಂಘವನ್ನು ನೋಂದಾಯಿಸಬಹುದು. ಉಪನಿಯಮಗಳನ್ನು ಬೇರೆಯವರಿಂದ ನಕಲು ಮಾಡಿಕೊಳ್ಳದೆ ನಿಮ್ಮ ಉದ್ದೇಶಗಳನ್ನು ನೀವೇ ಬರೆಯಿರಿ. ಪ್ರದರ್ಶನ, ತರಬೇತಿ, ಉಡುಪು ಮತ್ತು ಪರಿಕರಗಳ ತಯಾರಿಕೆ, ಬಾಡಿಗೆ ಇವೆಲ್ಲ ಉದ್ದೇಶಗಳಲ್ಲಿ ಇರಲಿ. ಖಾತೆಗೆ ಇಬ್ಬರ ಜಂಟಿ ಸಹಿಯಿರಲಿ, ಅವರಿಬ್ಬರೂ ಒಂದೇ ಮನೆಯವರಾಗಿರುವುದು ಬೇಡ. ಪ್ರತಿ ವರ್ಷ ಸರ್ವ ಸದಸ್ಯರ ಸಭೆ, ಆಡಿಟ್, ನೋಂದಣಿ ಕಚೇರಿಗೆ ವಿವರ ಸಲ್ಲಿಕೆ ತಪ್ಪಬಾರದು. ಎಷ್ಟೋ ಮಂಡಳಿಗಳು ನೋಂದಣಿ ಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವು, ಆಮೇಲೆ ಆ ಕಡೆ ತಿರುಗಿ ನೋಡಲಿಲ್ಲ. ಐದು ವರ್ಷದ ನಂತರ ಧನಸಹಾಯಕ್ಕೆ ಅರ್ಜಿ ಹಾಕಲು ಹೋದಾಗ ಹಿಂದಿನ ಲೆಕ್ಕಪತ್ರಗಳಿಲ್ಲದೆ ಬರಿಗೈಯಲ್ಲಿ ಬಂದವು.

ಸಂಘದ ಕಾಗದಗಳು ಸರಿಯಿದ್ದರೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೂ, ಜಾನಪದ, ನಾಟಕ, ಯಕ್ಷಗಾನ ಅಕಾಡೆಮಿಗಳ ಕಾರ್ಯಕ್ರಮಗಳಿಗೂ ಅರ್ಜಿ ಹಾಕಬಹುದು. ಊರಿನ ಹಿರಿಯ ಕಲಾವಿದರಿಗೆ ಇಲಾಖೆಯ ಮಾಸಾಶನ ಬರುತ್ತಿದೆಯೇ ಎಂದು ವಿಚಾರಿಸಿ. ಹಳೆಯ ಕರಪತ್ರ, ಪ್ರಶಸ್ತಿಪತ್ರ, ಪತ್ರಿಕೆಯ ತುಣುಕುಗಳೇ ಅವರ ಸೇವೆಗೆ ಪುರಾವೆ, ಆದ್ದರಿಂದ ಅವನ್ನು ಕಾಪಿಡಲು ನೆರವಾಗಿ. ಬಡಗಿ, ದರ್ಜಿ, ಕುಂಬಾರ, ಹೂಮಾಲೆ ಕಟ್ಟುವವರು, ಬೊಂಬೆ ಮಾಡುವವರು, ಬುಟ್ಟಿ ಹೆಣೆಯುವವರು ಇವರೆಲ್ಲ 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಸೇರುತ್ತಾರೆ. ತರಬೇತಿ, ಉಪಕರಣಗಳಿಗೆ 15,000 ರೂಪಾಯಿಯವರೆಗಿನ ನೆರವು, ಅಡಮಾನವಿಲ್ಲದೆ ಎರಡು ಕಂತಿನಲ್ಲಿ 3 ಲಕ್ಷ ರೂಪಾಯಿಯವರೆಗೆ ಶೇಕಡ 5ರ ಬಡ್ಡಿಯ ಸಾಲ ಅದರಲ್ಲಿವೆ. ಸಾಲ ಎಂಬುದನ್ನು ಮರೆಯಬೇಡಿ. ಕಿರೀಟದ ಬಾಡಿಗೆಗೆ ನಾಲ್ಕು ಊರಿನ ಮಾತು ಸಿಕ್ಕಿದ ಮೇಲೆ ಸಾಲ ಮಾಡುವುದು ಕ್ಷೇಮ. ವಸಂತನರಸಾಪುರದ ಕೈಗಾರಿಕೆಗಳಂಥ ದೊಡ್ಡ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯನ್ನು ಕಲೆ, ಸಂಸ್ಕೃತಿ, ಕರಕುಶಲಗಳಿಗೆ ಬಳಸಲು 2013ರ ಕಂಪನಿ ಕಾಯ್ದೆ ಅವಕಾಶ ಕೊಟ್ಟಿದೆ. ಕೇಳಲು ಹೋಗುವಾಗ ಒಂದು ರಾತ್ರಿಯ ಆ ಲೆಕ್ಕದ ಪುಸ್ತಕವನ್ನೇ ಜೊತೆಗೆ ಒಯ್ಯಿರಿ. ಬಣ್ಣಬಣ್ಣದ ಮನವಿಪತ್ರಕ್ಕಿಂತ ಅದಕ್ಕೆ ತೂಕ ಹೆಚ್ಚು.

ಐದನೆಯ ಹೆಜ್ಜೆ: ರಂಗದ ಹಿಂದಿನ ವ್ಯವಸ್ಥೆ

ದ್ರೌಪದಿ, ರುಕ್ಮಿಣಿ, ಕುಂತಿ, ಉತ್ತರೆಯರ ಪಾತ್ರಕ್ಕೆ ಬರುವ ಕಲಾವಿದೆಯರು ಬೇರೆ ಬೇರೆ ಊರುಗಳಿಂದ ಬಸ್ಸಿನಲ್ಲಿ ಬಂದು, ರಾತ್ರಿಯಿಡೀ ಹಾಡಿ, ಬೆಳಗಿನ ಬಸ್ಸಿಗೆ ಹೋಗುತ್ತಾರೆ. ಇಡೀ ನಾಟಕದಲ್ಲಿ ಕಲೆಯನ್ನೇ ನಂಬಿ ಜೀವನ ಮಾಡುವವರು ಅವರು. ಅವರಿಗೆ ಬಾಗಿಲಿಗೆ ಒಳಗಿನಿಂದ ಚಿಲಕವಿರುವ ಒಂದು ಕೋಣೆ, ಶೌಚಾಲಯ, ಬಿಸಿ ಊಟ, ಬಸ್ ಹತ್ತಿಸುವ ಜವಾಬ್ದಾರಿಯುಳ್ಳ ಒಬ್ಬ ಹೆಂಗಸು ಇಷ್ಟು ಇರಲೇಬೇಕು. ಸಂಭಾವನೆಯಲ್ಲಿ ಅರ್ಧ ಮುಂಗಡ, ಉಳಿದರ್ಧ ಬಣ್ಣ ಹಚ್ಚುವ ಮೊದಲು. ನಾಟಕ ಮುಗಿದ ಮೇಲೆ ಖಜಾಂಚಿಯನ್ನು ಹುಡುಕಿಕೊಂಡು ಅವರು ಅಲೆಯುವ ಪರಿಸ್ಥಿತಿ ಯಾವ ಊರಿಗೂ ಶೋಭೆಯಲ್ಲ. ಈ ವಿಷಯದಲ್ಲಿ ಒಳ್ಳೆಯ ಹೆಸರು ಪಡೆದ ಮಂಡಳಿಗೆ ಒಳ್ಳೆಯ ಕಲಾವಿದೆಯರು ಮೊದಲು ದಿನಾಂಕ ಕೊಡುತ್ತಾರೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಅನುಮತಿಗಳನ್ನು ಚುಟುಕಾಗಿ ಹೇಳುತ್ತೇನೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ ಎಂಬುದು 2000ದ ಶಬ್ದಮಾಲಿನ್ಯ ನಿಯಮ. ಹಬ್ಬ ಮತ್ತು ಸಾಂಸ್ಕೃತಿಕ ಸಂದರ್ಭಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಆದ್ದರಿಂದ ಪೊಲೀಸ್ ಠಾಣೆಗೆ ಮೊದಲೇ ಹೋಗಿ ಮಾತಾಡಿ, ನಾಟಕವನ್ನು ಸಂಜೆ ಬೇಗ ಆರಂಭಿಸುವುದನ್ನು ರೂಢಿ ಮಾಡಿಕೊಳ್ಳಿ. ಬೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯಿರಿ, ಕಂಬಕ್ಕೆ ಕೊಕ್ಕೆ ಹಾಕಬೇಡಿ. ದೇವಸ್ಥಾನ ಮುಜರಾಯಿಗೆ ಸೇರಿದ್ದರೆ ಅದರ ಆವರಣದ ಬಳಕೆಗೆ ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಿ.

ಆರನೆಯ ಹೆಜ್ಜೆ: ಹೊರಗಿನವರನ್ನು ಕರೆಯುವುದು

ಬೆಂಗಳೂರು ತುಮಕೂರಿನಿಂದ ಸುಮಾರು 70 ಕಿಲೋಮೀಟರು. ಗುಬ್ಬಿ, ತಿಪಟೂರುಗಳಲ್ಲಿ ರೈಲೂ ನಿಲ್ಲುತ್ತದೆ. ಹೊಯ್ಸಳರ ಕಾಲದ ಚೆನ್ನಕೇಶವ ದೇವಾಲಯವಿರುವ, ಜಕಣಾಚಾರಿಯ ಐತಿಹ್ಯ ಅಂಟಿಕೊಂಡಿರುವ ಕೈದಾಳ ತುಮಕೂರಿಗೆ ಹತ್ತಿರದಲ್ಲಿದೆ. ಮಧ್ಯಾಹ್ನ ಕೈದಾಳ ನೋಡಿ, ಸಂಜೆ ನಿಮ್ಮೂರಿನಲ್ಲಿ ಮುದ್ದೆ ಊಟ ಮಾಡಿ, ನಾಟಕ ನೋಡಿ ಹೋಗುವ ಇಪ್ಪತ್ತು ಮಂದಿಯ ತಂಡವೊಂದನ್ನು ಕಲ್ಪಿಸಿಕೊಳ್ಳಿ. ಮೊದಲಿಗೆ ಊರು ಬಿಟ್ಟುಹೋದ ನಮ್ಮವರನ್ನೇ, ಅವರ ಸ್ನೇಹಿತರೊಡನೆ ಕರೆಯಿರಿ. ಅವರಿಗೆ ಕಂದ ಪದ್ಯವನ್ನು ವಿವರಿಸಬೇಕಾಗಿಲ್ಲ. ಊಟಕ್ಕೆ, ಕೂರುವ ಕುರ್ಚಿಗೆ ದರ ಇಡಿ. ಊರಿನವರಿಗೆ ನಾಟಕ ಎಂದಿನಂತೆ ಉಚಿತವಾಗಿರಲಿ. ಚಾಪೆ ಹಾಸಿಕೊಂಡು ಮುಂದೆ ಕೂರುವ ಅಜ್ಜಿಯರನ್ನು ಎಬ್ಬಿಸಿ ಅತಿಥಿಗಳಿಗೆ ಜಾಗ ಮಾಡಿದರೆ ಕರೆದವರಿಗೂ ಬಂದವರಿಗೂ ನಷ್ಟ.

ನಗರದ ರಂಗಮಂದಿರಗಳಿಗೆ, ಹೇಳುವುದಾದರೆ ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರಕ್ಕೆ, ಎರಡು ಗಂಟೆಯ ಪ್ರಯೋಗವೊಂದನ್ನು ಸಿದ್ಧಮಾಡಿಟ್ಟುಕೊಳ್ಳುವುದು ಒಳ್ಳೆಯದು. ಸಂಧಾನದ ದೃಶ್ಯ, ಕರ್ಣ-ಕುಂತಿಯರ ಭೇಟಿ, ಭೀಮ-ದುರ್ಯೋಧನರ ಗದಾಯುದ್ಧ ಇಷ್ಟನ್ನು ಹೊಂದಿಸಿದರೂ ಸಾಕು. ಊರಿನ ಪ್ರಯೋಗಕ್ಕೆ ಆ ಕತ್ತರಿ ಬೇಡ.

ಎಲ್ಲವೂ ಮಾರಾಟಕ್ಕಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಸೋಮನ ಕುಣಿತದ ಮುಖವಾಡ ಗ್ರಾಮದೇವತೆಗೆ ಸಂಬಂಧಿಸಿದ್ದು, ಪೂಜೆಗೊಳ್ಳುವಂಥದ್ದು. ಅದನ್ನು ಹೊರುವ ಮನೆಯವರ, ದೇವಸ್ಥಾನದವರ ಒಪ್ಪಿಗೆಯಿಲ್ಲದೆ ಹೋಟೆಲಿನ ಸ್ವಾಗತಕ್ಕೋ ಮದುವೆಯ ಮೆರವಣಿಗೆಗೋ ಕಳುಹಿಸಬಾರದು. ‘ಇದು ಸಾಧ್ಯವಿಲ್ಲ’ ಎಂಬ ಸಾಲನ್ನು ಮಂಡಳಿಯ ನಡಾವಳಿ ಪುಸ್ತಕದಲ್ಲಿ ಮೊದಲೇ ಬರೆದಿಟ್ಟರೆ, ನಾಳೆ ದೊಡ್ಡ ಮೊತ್ತ ಎದುರಿಗೆ ಬಂದಾಗ ಊರು ಒಡೆಯುವುದಿಲ್ಲ.

ಏಳನೆಯ ಹೆಜ್ಜೆ: ಕ್ಯಾಮೆರಾ ಬಂದಾಗ

ಈಗ ಪ್ರತಿ ನಾಟಕಕ್ಕೂ ಯಾರಾದರೊಬ್ಬರು ಕ್ಯಾಮೆರಾ ತಂದು ನಿಲ್ಲಿಸಿ, ಇಡೀ ರಾತ್ರಿಯನ್ನು ಯೂಟ್ಯೂಬಿಗೆ ಹಾಕುತ್ತಾರೆ. ಅದರಿಂದ ಹೆಸರು ಬರುತ್ತದೆ, ಬೇಡವೆನ್ನಬೇಕಾಗಿಲ್ಲ. ಆದರೆ ಹಾಡಿದವರಿಗೆ, ನಟಿಸಿದವರಿಗೆ ತಮ್ಮ ಪ್ರದರ್ಶನದ ಮೇಲೆ ಕೃತಿಸ್ವಾಮ್ಯ ಕಾಯ್ದೆಯಲ್ಲಿ 50 ವರ್ಷಗಳ ಹಕ್ಕಿದೆ ಎಂಬುದು ಹೆಚ್ಚಿನ ಮಂಡಳಿಗಳಿಗೆ ತಿಳಿದಿಲ್ಲ. ಒಂದು ಪುಟದ ಒಪ್ಪಂದ ಸಾಕು: ಯಾರು ಚಿತ್ರೀಕರಿಸುತ್ತಾರೆ, ಎಲ್ಲಿ ಹಾಕುತ್ತಾರೆ, ಮಂಡಳಿಗೆ ಎಷ್ಟು ಕೊಡುತ್ತಾರೆ ಅಥವಾ ವರಮಾನದಲ್ಲಿ ಯಾವ ಪಾಲು, ಪೂರ್ತಿ ಪ್ರತಿಯೊಂದನ್ನು ಮಂಡಳಿಗೆ ಯಾವಾಗ ತಲುಪಿಸುತ್ತಾರೆ, ಕಲಾವಿದರ ಹೆಸರುಗಳನ್ನು ಹಾಕುತ್ತಾರೆಯೇ. ಇದಕ್ಕಿಂತ ಮೇಲಾದದ್ದು, ಊರಿನ ಇಬ್ಬರು ಹುಡುಗರಿಗೆ ಧ್ವನಿಮುದ್ರಣ ಮತ್ತು ಸಂಕಲನ ಕಲಿಸಿ, ಮಂಡಳಿಯದೇ ಚಾನೆಲ್ ತೆರೆಯುವುದು. ನಾಟಕ ಬರೆದ ಕವಿ ತೀರಿಕೊಂಡು 60 ವರ್ಷ ಕಳೆದಿಲ್ಲವಾದರೆ ಅವರ ಮನೆಯವರ ಒಪ್ಪಿಗೆಯನ್ನು ನೀವೂ ಪಡೆಯಬೇಕೆಂಬುದು ನೆನಪಿರಲಿ.

ಎಂಟನೆಯ ಹೆಜ್ಜೆ: ತಾಲೀಮನ್ನು ತರಗತಿಯಾಗಿಸಿ

ಹಾರ್ಮೋನಿಯಂ ಮೇಷ್ಟ್ರು ನಾಟಕದ ಮುಂಚಿನ ಎರಡು ಮೂರು ತಿಂಗಳು ಊರಿಗೆ ಬರುತ್ತಾರೆ, ಆಮೇಲೆ ಬೇರೆ ಊರಿಗೆ ಹೋಗುತ್ತಾರೆ; ಮಳೆಗಾಲದಲ್ಲಿ ಅವರಿಗೆ ಕೆಲಸವಿರುವುದಿಲ್ಲ. ಆ ಖಾಲಿ ತಿಂಗಳುಗಳಲ್ಲಿ ವಾರಕ್ಕೆ ಎರಡು ಸಂಜೆ ಶಾಲಾ ಮಕ್ಕಳಿಗೆ ರಂಗಗೀತೆ, ಹಾರ್ಮೋನಿಯಂ, ತಬಲ ಹೇಳಿಕೊಡಲು ಕರೆಯಿರಿ. ಒಂದೊಂದು ಮನೆಯವರು ಸಣ್ಣ ಶುಲ್ಕ ಕೊಟ್ಟರೂ ಮೇಷ್ಟ್ರಿಗೆ ವರ್ಷವಿಡೀ ವರಮಾನ, ಊರಿಗೆ ಐದು ವರ್ಷದಲ್ಲಿ ಸ್ವಂತ ವಾದ್ಯಗಾರರು. ಹೆಣ್ಣುಮಕ್ಕಳನ್ನು ಮೊದಲು ಸೇರಿಸಿ. ಸಾಗರ ತಾಲ್ಲೂಕಿನ ಹೆಗ್ಗೋಡಿನಂಥ ಪುಟ್ಟ ಊರಿನಲ್ಲಿ 1949ರಲ್ಲಿ ಹಳ್ಳಿಗರ ಸಂಘವಾಗಿ ಆರಂಭವಾದ ನೀನಾಸಂ ಇಂದು ರಂಗಶಿಕ್ಷಣದ ಕೇಂದ್ರವಾಗಿ ನಿಂತಿರುವುದಕ್ಕೆ ಹಿಂದಿನ ಶಕ್ತಿ, ವರ್ಷದಿಂದ ವರ್ಷಕ್ಕೆ ಬಿಡದೆ ಕಲಿಸಿದ್ದು.

ಕೊನೆಯ ಕೆಲಸ ನಾಟಕವಾದ ವಾರದೊಳಗೆ ಆಗಬೇಕು. ಪಾತ್ರಧಾರಿಗಳು, ವಂತಿಗೆ ಕೊಟ್ಟವರು, ಹಾರ ಕಟ್ಟಿದವರು, ಅಡುಗೆಯವರು, ತಮಟೆಯವರು ಎಲ್ಲರನ್ನೂ ಅದೇ ಜಗುಲಿಯ ಹತ್ತಿರ ಕರೆದು, ಜಮಾ ಖರ್ಚನ್ನು ಪ್ರತಿ ಸಾಲೂ ಕೇಳಿಸುವಂತೆ ಓದಿ. ಪ್ರತಿ ಖರ್ಚಿನ ಮುಂದಿನ ‘ಊ’, ‘ತಾ’, ‘ಹೊ’ ಗುರುತುಗಳನ್ನೂ ಓದಿ, ಹೋದ ವರ್ಷ ‘ಹೊ’ ಆಗಿದ್ದು ಈ ವರ್ಷ ‘ಊ’ ಆದ ಸಾಲು ಬಂದಾಗ ಆ ಕೆಲಸ ಮಾಡಿದವರ ಹೆಸರು ಹೇಳಿ ನಿಲ್ಲಿಸಿ. ಉಳಿಕೆ ಹಣ ಎಷ್ಟೇ ಇರಲಿ, ಅದನ್ನು ಮರುದಿನವೇ ಖಾತೆಗೆ ಕಟ್ಟಿ, ಚಲನ್ನನ್ನು ನೋಟ್ ಪುಸ್ತಕದ ಅದೇ ಪುಟಕ್ಕೆ ಅಂಟಿಸಿ. ಮುಂದಿನ ಖಾಲಿ ಪುಟದ ಮೇಲೆ ಬರುವ ವರ್ಷದ ನಾಟಕದ ತಾಲೀಮು ಆರಂಭಿಸುವ ದಿನಾಂಕವನ್ನು ಅಂದೇ ಬರೆದಿಡಿ.